ಕಾಸರಗೋಡು ಪೇಟೆಯಲ್ಲಿ ಮನೆ ಹುಡುಕುವುದು: ಬಾಡಿಗೆ ಕೈಗೆಟುಕಬೇಕು, ಶಾಲೆ ಕಾಲಿಗೆಟುಕಬೇಕು

ಕಾಸರಗೋಡಿನಲ್ಲಿ ಮನೆ ಹುಡುಕುವವರು ಮೊದಲು ಬಾಡಿಗೆ ಎಷ್ಟು ಅಂತ ಕೇಳುತ್ತಾರೆ, ಆಮೇಲೆ ಬಸ್‌ಸ್ಟ್ಯಾಂಡಿಗೆ ಎಷ್ಟು ದೂರ ಅಂತ. ಮಕ್ಕಳಿರುವ ಮನೆಯವರು ಇವೆರಡಕ್ಕೂ ಮುಂಚೆ ಕೇಳಬೇಕಾದ ಮಾತು ಬೇರೆಯೇ ಇದೆ: ಶಾಲೆ ಹೆದ್ದಾರಿಯ ಯಾವ ಬದಿಗಿದೆ, ಮನೆ ಯಾವ ಬದಿಗಿದೆ?

ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾದ ಮೇಲೆ ಇಲ್ಲಿನ ನಡಿಗೆಯ ಲೆಕ್ಕವೇ ಬದಲಾಗಿದೆ. ಪೇಟೆಯೊಳಗೆ ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿ ಕಡೆಗೆ ಹೆದ್ದಾರಿ ಕಂಬಗಳ ಮೇಲೆ ಹೋಗುವುದರಿಂದ ಅದರ ಅಡಿಯಿಂದಲೇ ಈ ಬದಿಯಿಂದ ಆ ಬದಿಗೆ ದಾಟಬಹುದು. ಅದರಾಚೆ ಹಲವು ಕಡೆ ಮಣ್ಣು ತುಂಬಿಸಿ ಗೋಡೆ ಕಟ್ಟಿದ್ದಾರೆ. ಅಂಥಲ್ಲಿ ಅಂಡರ್‌ಪಾಸ್ ಇರುವಲ್ಲಿ ಮಾತ್ರ ದಾಟಲು ಸಾಧ್ಯ. ಮನೆಯ ಜಗಲಿಯಿಂದ ಶಾಲೆಯ ಹಂಚು ಕಾಣುತ್ತಿದ್ದರೂ ಮಗು ಅಂಡರ್‌ಪಾಸ್ ತನಕ ಹೋಗಿ, ಆಚೆ ಬದಿಯಲ್ಲಿ ಅಷ್ಟೇ ದೂರ ವಾಪಸ್ ಬರಬೇಕಾಗುತ್ತದೆ. ಸರ್ವೀಸ್ ರಸ್ತೆಯಲ್ಲಿ ಬಸ್ಸು, ಲಾರಿ, ಬೈಕು ಎಲ್ಲವೂ ಒಟ್ಟಿಗೇ ಓಡುತ್ತವೆ. ಫುಟ್‌ಪಾತ್ ಅಂತ ಚರಂಡಿಯ ಮೇಲೆ ಹಾಸಿದ ಸಿಮೆಂಟಿನ ಮುಚ್ಚಳ ಒಂದು ಕಡೆ ಎದ್ದಿದ್ದರೂ ಸಾಕು, ಮಗು ರಸ್ತೆಗಿಳಿಯುತ್ತದೆ. ಕಡಲ ಬದಿಯ ಊರುಗಳವರಿಗೆ ಇದೇ ತೊಂದರೆ ರೈಲುಹಳಿಯಿಂದ. ಹಳಿ ದಾಟಲು ಸರಿಯಾದ ದಾರಿ ಎಲ್ಲಿದೆ ಅಂತ ನೋಡಿಯೇ ಮನೆ ನೋಡಿ.

ಹಾಗಾಗಿ ಶಾಲೆಯಿಂದ ಶುರು ಮಾಡಿ ಮನೆಯ ಕಡೆಗೆ ಬನ್ನಿ. ಕನ್ನಡ ಮಾಧ್ಯಮ ಬೇಕಾದವರು ಶಾಲೆಯ ಹೆಸರು ಕೇಳಿ ಸುಮ್ಮನಾಗಬೇಡಿ. ಮುಖ್ಯೋಪಾಧ್ಯಾಯರನ್ನು ಕಂಡು ಮೂರು ವಿಷಯ ಕೇಳಿ: ಈ ವರ್ಷ ಒಂದನೆಯ ತರಗತಿಗೆ ಕನ್ನಡ ಡಿವಿಷನ್ ಇದೆಯೇ, ಅದು ಎಷ್ಟನೆಯ ತರಗತಿ ತನಕ ಹೋಗುತ್ತದೆ, ಗಣಿತ ಮತ್ತು ವಿಜ್ಞಾನಕ್ಕೆ ಕನ್ನಡ ಗೊತ್ತಿರುವ ಅಧ್ಯಾಪಕರು ಇದ್ದಾರೆಯೇ? ಮಕ್ಕಳ ಸಂಖ್ಯೆ ಕಡಿಮೆಯಾದರೆ ಡಿವಿಷನ್ ಉಳಿಯುವುದು ಕಷ್ಟ. ಎಲ್.ಪಿ. (ಕಿರಿಯ ಪ್ರಾಥಮಿಕ) ಮುಗಿದ ಮೇಲೆ ಯು.ಪಿ.ಗೆ (ಹಿರಿಯ ಪ್ರಾಥಮಿಕಕ್ಕೆ) ಬೇರೆ ಊರಿಗೆ ಹೋಗಬೇಕಾಗಿ ಬಂದರೆ ನೀವು ಮತ್ತೆ ಮನೆ ಬದಲಿಸಬೇಕಾದೀತು. ಮೂರರಿಂದ ಆರು ವರ್ಷದ ಮಗುವಿದ್ದರೆ ಹತ್ತಿರದ ಅಂಗನವಾಡಿಯನ್ನೂ ನೋಡಿಕೊಳ್ಳಿ.

ಮುಂದಿನ ಕೆಲಸ ನಡೆದು ನೋಡುವುದು. ಮಗುವನ್ನು ಕರೆದುಕೊಂಡು, ಬೆನ್ನಿಗೆ ಪುಸ್ತಕದ ಚೀಲ ಹಾಕಿಸಿ, ಶಾಲೆಗೆ ಹೋಗುವ ಹೊತ್ತಿಗೇ ನಡೆಯಿರಿ. ಆರು ವರ್ಷದ ಮಗುವಿಗೆ ಚೀಲದೊಂದಿಗೆ 500 ಮೀಟರ್ ನಡೆಯಲು ಹತ್ತು ನಿಮಿಷ ಬೇಕು ಅಂತಿಟ್ಟುಕೊಳ್ಳಿ. ಹದಿನೈದು ನಿಮಿಷಕ್ಕಿಂತ ಹೆಚ್ಚಾದರೆ ಮಳೆಗಾಲದಲ್ಲಿ ಆ ನಡಿಗೆ ನಿಂತೇ ಹೋಗುತ್ತದೆ, ಆಟೋ ಶುರುವಾಗುತ್ತದೆ. ಗುಡ್ಡೆಯ ಮೇಲಿನ ಮನೆಯಾದರೆ ಬೆಳಿಗ್ಗೆ ಇಳಿಯುವುದು ಸುಲಭ, ಸಂಜೆ ಹತ್ತುವುದೇ ಕಷ್ಟ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಇದನ್ನು ಸಂಜೆಯೇ ನಡೆದು ನೋಡಬೇಕು. ಬೀದಿನಾಯಿಗಳ ಹಿಂಡು ಇರುವ ತಿರುವು, ಬೀದಿದೀಪ ಇಲ್ಲದ ಜಾಗ ಇವೆಲ್ಲ ರಾತ್ರಿ ಎಂಟಕ್ಕೆ ಮತ್ತೊಮ್ಮೆ ಹೋದರೆ ಮಾತ್ರ ಗೊತ್ತಾಗುತ್ತವೆ.

ಬಾಡಿಗೆಯ ನಿಜವಾದ ಲೆಕ್ಕ

ದೂರದ ಮನೆಗೆ ಬಾಡಿಗೆ ಕಡಿಮೆ ಅಂತ ಓಡುವ ಮುಂಚೆ ಪೆನ್ನು ಹಿಡಿಯಿರಿ. ಕೇರಳದಲ್ಲಿ 2022ರಲ್ಲಿ ನಿಗದಿಯಾದ ಆಟೋ ಕನಿಷ್ಠ ದರ ಒಂದೂವರೆ ಕಿ.ಮೀ.ಗೆ 30 ರೂಪಾಯಿ. ಮಗುವನ್ನು ಬಿಟ್ಟು ವಾಪಸ್, ಸಂಜೆ ಕರೆತರಲು ಹೋಗಿ ವಾಪಸ್, ಒಟ್ಟು ನಾಲ್ಕು ಸಲ. ದಿನಕ್ಕೆ 120 ರೂಪಾಯಿ, ತಿಂಗಳಿಗೆ 22 ಶಾಲಾ ದಿನ ಅಂದರೆ 2,640 ರೂಪಾಯಿ. ಪೇಟೆಯ ಹತ್ತಿರದ ಮನೆಗೆ 2,000 ಹೆಚ್ಚು ಕೊಡಬೇಕಾದರೂ ಅದೇ ಅಗ್ಗ, ಅದರ ಮೇಲೆ ದಿನಕ್ಕೊಂದು ಗಂಟೆ ಉಳಿಯುತ್ತದೆ. ಬಾಡಿಗೆ, ಓಡಾಟ, ಬೇಸಿಗೆಯ ನೀರು, ಕರೆಂಟು ನಾಲ್ಕನ್ನೂ ಕೂಡಿಸಿದ ಮೊತ್ತವನ್ನೇ ಒಂದು ಮನೆಗೂ ಇನ್ನೊಂದಕ್ಕೂ ಹೋಲಿಸಬೇಕು.

ಕಡಿಮೆ ಬಜೆಟ್ಟಿನವರಿಗೆ ಇಲ್ಲಿ ಸಿಗುವುದು ಹೆಚ್ಚಾಗಿ ಕ್ವಾರ್ಟರ್ಸ್. ಒಂದೇ ಕಟ್ಟಡದಲ್ಲಿ ನಾಲ್ಕಾರು ಮನೆ, ಒಂದು ಬಾವಿ, ಕೆಲವೊಮ್ಮೆ ಒಂದೇ ಕರೆಂಟ್ ಕನೆಕ್ಷನ್. ಈ ಕೊನೆಯದು ಬಹಳ ಜನರ ಕೈ ಸುಡುತ್ತದೆ. ಕೇರಳದ ವಿದ್ಯುತ್ ಮಂಡಳಿ ಕೆ.ಎಸ್.ಇ.ಬಿ.ಯ ಗೃಹಬಳಕೆ ದರದಲ್ಲಿ ತಿಂಗಳಿಗೆ 250 ಯೂನಿಟ್ ದಾಟಿದರೆ ಎಲ್ಲ ಯೂನಿಟ್‌ಗೂ ಒಂದೇ ಎತ್ತರದ ದರ ಬೀಳುತ್ತದೆ, ಮೊದಲ ಯೂನಿಟ್‌ಗಳ ಅಗ್ಗದ ದರ ಸಿಗುವುದಿಲ್ಲ. ಮೂರು ಮನೆಗಳು ಒಂದೇ ಮೀಟರಿನಲ್ಲಿದ್ದರೆ, ಪ್ರತಿಯೊಬ್ಬರೂ ನೂರು ಯೂನಿಟ್ ಖರ್ಚು ಮಾಡಿದರೂ ಆ ಗೆರೆ ದಾಟಿಯಾಯಿತು. ನಿಮ್ಮ ಮನೆಗೆ ಸ್ವಂತ ಕನ್ಸ್ಯೂಮರ್ ನಂಬರ್ ಇದೆಯೇ ಕೇಳಿ, ಇದ್ದರೆ ಹಿಂದಿನ ಎರಡು ಬಿಲ್ ತೋರಿಸಲು ಹೇಳಿ. ಬಿಲ್ ಎರಡು ತಿಂಗಳಿಗೊಮ್ಮೆ ಬರುವುದರಿಂದ ಅದರಲ್ಲಿ ಆ ಗೆರೆ 500 ಯೂನಿಟ್.

ಇಂಥ ಮನೆಗಳಲ್ಲಿ ಎಷ್ಟೋ ಬ್ರೋಕರ್ ಕೈಗೆ ಬರುವುದೇ ಇಲ್ಲ. ರೇಷನ್ ಅಂಗಡಿಯವರು, ಅಂಗನವಾಡಿ ಟೀಚರ್, ವಾರ್ಡಿನ ಕುಟುಂಬಶ್ರೀ ಮಹಿಳಾ ಸಂಘದವರು, ಇವರಿಗೆ ಯಾರು ಮನೆ ಖಾಲಿ ಮಾಡುತ್ತಾರೆ ಅಂತ ಮೊದಲೇ ಗೊತ್ತಿರುತ್ತದೆ. ಹೊಸ ಶಾಲಾ ವರ್ಷಕ್ಕೆ ಮುಂಚೆ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಕೇಳಲು ಶುರು ಮಾಡಿ.

ನೀರು: ಬೇಸಿಗೆಯದು, ಮಳೆಯದು

ಮನೆಯನ್ನು ಒಮ್ಮೆ ಪಗ್ಗು ತಿಂಗಳ (ಏಪ್ರಿಲ್-ಮೇ) ಬಿಸಿಲಲ್ಲಿ, ಇನ್ನೊಮ್ಮೆ ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ನೋಡಿದರೆ ಎಲ್ಲ ಗುಟ್ಟೂ ಹೊರಬರುತ್ತದೆ. ಅಷ್ಟು ಸಮಯವಿಲ್ಲದಿದ್ದರೆ ನೆರೆಮನೆಯ ಹೆಂಗಸರನ್ನು ಕೇಳಿ. ಮುರಕಲ್ಲಿನ ಗುಡ್ಡೆಗಳ ಮೇಲೆ ಬಾವಿಗಳು ಬೇಸಿಗೆಯ ಕೊನೆಗೆ ಬತ್ತುತ್ತವೆ. ಕಡಲು, ಅಳಿವೆಗಳ ಬದಿಯಲ್ಲಿ ಬಾವಿ ಬತ್ತದಿದ್ದರೂ ನೀರು ಉಪ್ಪಾಗುತ್ತದೆ. ಬಾವಿಯ ನೀರಿನಲ್ಲಿ ಅಕ್ಕಿ ಬೇಯುತ್ತದೆಯೇ, ಸಾಬೂನು ನೊರೆ ಬರುತ್ತದೆಯೇ ಅಂತ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. "ನೀರು ಚೆನ್ನಾಗಿದೆಯಾ" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ನಳ್ಳಿ ಇದ್ದರೆ ವಾರಕ್ಕೆ ಎಷ್ಟು ದಿನ, ಯಾವ ಹೊತ್ತಿಗೆ ಬರುತ್ತದೆ, ಟ್ಯಾಂಕ್ ಎಷ್ಟು ಲೀಟರಿನದು, ಎಷ್ಟು ಮನೆಗೆ ಅಂತ ಕೇಳಿ. ಕಕ್ಕಸು ಗುಂಡಿಯಿಂದ ಬಾವಿಗೆ ಕನಿಷ್ಠ ಏಳೂವರೆ ಮೀಟರ್ ಇರಬೇಕು. ಕ್ವಾರ್ಟರ್ಸಿನ ಇಕ್ಕಟ್ಟಾದ ಹಿತ್ತಿಲಲ್ಲಿ ಇದನ್ನು ಹೆಜ್ಜೆ ಹಾಕಿ ಅಳೆಯಿರಿ: ದೊಡ್ಡವರ ಹತ್ತು ಹನ್ನೆರಡು ಹೆಜ್ಜೆ.

ಮಳೆಗೆ ಬೈಲಿನ ಮನೆಗಳು ಮುಳುಗುತ್ತವೆ. ಮಧುವಾಹಿನಿ ಹೊಳೆ ಉಕ್ಕಿದರೆ ಮಧೂರು ದೇವಸ್ಥಾನದ ಅಂಗಳಕ್ಕೇ ನೀರು ಬರುತ್ತದೆ. ಹೊಳೆ, ತೋಡುಗಳ ಪಕ್ಕದ ಮನೆ ನೋಡುವಾಗ ಕಂಪೌಂಡ್ ಗೋಡೆಯ ಬುಡ ನೋಡಿ. ಮಣ್ಣಿನ ಒಂದೇ ಗೆರೆ ಸುತ್ತ ಒಂದೇ ಎತ್ತರದಲ್ಲಿದ್ದರೆ ನೀರು ಅಲ್ಲಿಯವರೆಗೆ ನಿಂತಿದೆ ಅಂತರ್ಥ. ಹೊಸದಾಗಿ ಸುಣ್ಣ ಬಳಿದಿದ್ದರೆ ಬಾಗಿಲ ದಾರಂದದ ಕೆಳಭಾಗವನ್ನು ಬೆರಳಿನಿಂದ ಒತ್ತಿ ನೋಡಿ. ಮೆತ್ತಗಾದ ಮರ ಸುಳ್ಳು ಹೇಳುವುದಿಲ್ಲ.

ಒಪ್ಪಂದ ಹೆಚ್ಚಾಗಿ 11 ತಿಂಗಳದ್ದು. ಅದು ಮಲಯಾಳದಲ್ಲಿದ್ದು ನಿಮಗೆ ಓದಲು ಬಾರದಿದ್ದರೆ ಗೊತ್ತಿರುವವರಿಂದ ಪೂರ್ತಿ ಓದಿಸಿ ಸಹಿ ಹಾಕಿ. ಅಡ್ವಾನ್ಸ್ ಎಷ್ಟು, ಯಾವಾಗ ವಾಪಸ್, ಪೈಂಟಿಂಗಿಗೆ ಕಳೆಯುತ್ತಾರೆಯೇ, ಬಾಡಿಗೆ ಏರಿಕೆ ಎಷ್ಟು ಎಂಬುದೆಲ್ಲ ಬರಹದಲ್ಲೇ ಇರಲಿ.

ನಾಲ್ಕೈದು ಸೆಂಟ್ಸ್ ಕೊಳ್ಳುವುದಾದರೆ

ಪೇಟೆಯ ಹತ್ತಿರ ಅಗ್ಗದ ಜಾಗ ಸಿಕ್ಕಿದರೆ ಮೊದಲು ಅನುಮಾನ ಪಡಿ. ವಿಲೇಜ್ ಆಫೀಸಿನ ತೀರ್ವೆ (ಭೂತೆರಿಗೆ) ರಶೀದಿಯಲ್ಲಿ ಆ ಜಾಗ "ನಿಲಂ" ಅಂತ ಇದೆಯೋ "ಪುರಯಿಡಂ" ಅಂತ ಇದೆಯೋ ನೋಡಿ. ಪುರಯಿಡಂ ಅಂದರೆ ಮನೆ ಕಟ್ಟಬಹುದಾದ ಜಾಗ, ನಿಲಂ ಅಂದರೆ ದಾಖಲೆಯಲ್ಲಿ ಗದ್ದೆ. ಈಗ ತೆಂಗು ಬೆಳೆದು ನಿಂತಿದ್ದರೂ ಅದು ಗದ್ದೆಯೇ. 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಡೇಟಾ ಬ್ಯಾಂಕಿನಲ್ಲಿ (ಗದ್ದೆ, ಜೌಗುಭೂಮಿಗಳ ಸರಕಾರಿ ಪಟ್ಟಿಯಲ್ಲಿ) ಸೇರಿದ ಜಾಗಕ್ಕೆ ಮನೆ ಕಟ್ಟುವ ಪರ್ಮಿಟ್ ಸುಲಭವಾಗಿ ಸಿಗದು. ತೆಗೆಸಲು ಅರ್ಜಿ ಹಾಕಬಹುದು, ಆದರೆ ಆ ಕಾಯುವಿಕೆ ನಿಮ್ಮ ತಲೆಗೆ ಬರಬಾರದು. ಪುರಯಿಡಂ ಆದ ಮೇಲೆಯೇ ಮಾರುವಂತೆ ಹೇಳಿ.

ಎರಡನೆಯದು ದಾರಿ. ಮಾರುವವರು ತೋರಿಸುವ ದಾರಿ ನೆರೆಯವರ ಔದಾರ್ಯದಿಂದ ಬಳಕೆಯಲ್ಲಿರುವ ಕಾಲುದಾರಿ ಆಗಿರಬಹುದು. ಅವರು ನಾಳೆ ಬೇಲಿ ಹಾಕಿದರೆ ನೀವು ಕೋರ್ಟಿಗೆ ಹೋಗಬೇಕು. ಎಷ್ಟು ಮೀಟರ್ ಅಗಲ, ಯಾರ ಜಾಗದ ಮೂಲಕ, ವಾಹನಕ್ಕೂ ಹಕ್ಕಿದೆಯೇ ಎಂಬುದು ಆಧಾರದಲ್ಲೇ (ಜಾಗದ ಕ್ರಯಪತ್ರದಲ್ಲೇ) ಬರೆದಿರಬೇಕು. ಹಿಂದಿನ ಆಧಾರಗಳನ್ನೂ 30 ವರ್ಷದ ಋಣಭಾರ ಸರ್ಟಿಫಿಕೇಟನ್ನೂ ವಕೀಲರಿಗೆ ತೋರಿಸಿ. ಕೊನೆಗೆ, ಸ್ಟಾಂಪ್ ಡ್ಯೂಟಿ ಶೇ. 8, ರಿಜಿಸ್ಟ್ರೇಷನ್ ಶೇ. 2: ಹತ್ತು ಲಕ್ಷದ ಜಾಗಕ್ಕೆ ಒಂದು ಲಕ್ಷ ಬೇರೆಯೇ ಬೇಕು. ಮುಂಗಡ ಕೊಡುವ ಮುಂಚೆ ಆ ಹಣವನ್ನು ಬದಿಗೆ ತೆಗೆದಿಡಿ.