ಜಾಗ ಬಿಟ್ಟು ಕದಲದ ವಾಯುಭಾರ ಕುಸಿತ: ಮಳೆ ಎಷ್ಟಾದೀತು ಎಂದು ನಾನು ಲೆಕ್ಕ ಹಾಕುವ ರೀತಿ

ಮೇ ತಿಂಗಳಲ್ಲಿ ಅರಬ್ಬಿ ಸಮುದ್ರದ ವಾಯುಭಾರ ಕುಸಿತದಿಂದ ಧಾರವಾಡ, ಗದಗ, ಹಾವೇರಿ ಕಡೆ ಎಷ್ಟು ಮಳೆಯಾದೀತು ಎಂದು ಹೇಳಬೇಕಾದಾಗ ನಾನು ಮೊದಲು ಅಳೆಯುವುದು ಅದರ ವೇಗ. ಬೆಳಗಿನ 5.30 ಮತ್ತು ಸಂಜೆ 5.30ರ ನಕ್ಷೆಗಳಲ್ಲಿ 850 ಹೆಕ್ಟೊಪ್ಯಾಸ್ಕಲ್ (ಗಾಳಿಯ ಒತ್ತಡದ ಅಳತೆ) ಮಟ್ಟದ, ಅಂದರೆ ಸುಮಾರು ಒಂದೂವರೆ ಕಿ.ಮೀ. ಎತ್ತರದ, ಗಾಳಿಯ ಸುಳಿ ಎಲ್ಲಿದೆ ಎಂದು ಗುರುತು ಹಾಕುತ್ತೇನೆ. ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿ.ಮೀ. ಹನ್ನೆರಡು ತಾಸಿನಲ್ಲಿ ಅರ್ಧ ಡಿಗ್ರಿಯಷ್ಟೇ ಸರಿದಿದ್ದರೆ ವೇಗ ತಾಸಿಗೆ 5 ಕಿ.ಮೀ. ಕೂಡ ಇಲ್ಲ. ನೆಲಮಟ್ಟದ ಒತ್ತಡದ ನಕ್ಷೆಯಲ್ಲಿ ಕೇಂದ್ರ ಹುಡುಕಬಾರದು. ಬಿಸಿಲಿನ ಕಾವಿಗೆ ಬಯಲುಸೀಮೆಯ ಒತ್ತಡ ಹೇಗೂ ಇಳಿದಿರುತ್ತದೆ, ನಡುವೆ ಘಟ್ಟ ಬೇರೆ. ಕೇಂದ್ರ ಅಲ್ಲಿಂದಿಲ್ಲಿಗೆ ಜಿಗಿದಂತೆ ಕಾಣುತ್ತದೆ.

ಮುಂದೆ ಅದು ಹೊರಡುತ್ತದೋ ಇಲ್ಲೇ ಕೂರುತ್ತದೋ ಎಂಬುದಕ್ಕೆ 700 ಮತ್ತು 500 ಹೆಕ್ಟೊಪ್ಯಾಸ್ಕಲ್ ಮಟ್ಟದ, ಅಂದರೆ ಸುಮಾರು ಮೂರು ಮತ್ತು ಆರು ಕಿ.ಮೀ. ಎತ್ತರದ, ಗಾಳಿ ನೋಡುತ್ತೇನೆ. ಸುತ್ತಲಿನ ಗಾಳಿ ಎರಡೂ ಮಟ್ಟದಲ್ಲಿ 10 ನಾಟ್‌ಗಿಂತ (ತಾಸಿಗೆ ಸುಮಾರು 18 ಕಿ.ಮೀ.) ಕಡಿಮೆ ಇದ್ದರೆ ಅದನ್ನು ತಳ್ಳುವವರು ಯಾರೂ ಇಲ್ಲವೆಂದೇ ಲೆಕ್ಕ.

ನಾವು ಸುಳಿಯ ಯಾವ ಮಗ್ಗುಲಿಗಿದ್ದೇವೆ ಎಂಬುದು ಇಷ್ಟೇ ಮುಖ್ಯ. 2025ರ ಮೇ 24ರಂದು ರತ್ನಾಗಿರಿ–ದಾಪೋಲಿ ನಡುವೆ ದಡ ದಾಟಿದ ವಾಯುಭಾರ ಕುಸಿತದಂತೆ ಕೇಂದ್ರ ನಮ್ಮ ವಾಯವ್ಯಕ್ಕಿದ್ದರೆ ಇಲ್ಲಿ ಪಡುವಣ ಗಾಳಿ. ಆಗ ಕಲಘಟಗಿ, ಅಳ್ನಾವರ, ಹಾನಗಲ್ಲಿಗೆ ಮಳೆ ಜಾಸ್ತಿ, ಘಟ್ಟದಿಂದ ದೂರವಾದಂತೆ ಗದಗಿಗೆ ಕಡಿಮೆ. ಅದೇ ಕೇಂದ್ರ ಒಳನಾಡಿಗೆ ಬಂದು ನಮ್ಮ ದಕ್ಷಿಣಕ್ಕೆ ನಿಂತರೆ ಗಾಳಿ ಮೂಡಣದಿಂದ ಬೀಸುತ್ತದೆ. ರೋಣ, ನವಲಗುಂದದ ಎರಿ ಹೊಲಗಳಿಗೂ ಒಳ್ಳೆಯ ಮಳೆಯಾಗುತ್ತದೆ.

ಪ್ರಮಾಣದ ಲೆಕ್ಕ ಸರಳ: ತಾಸಿನ ಮಳೆ ಗುಣಿಲೆ ತಾಸುಗಳು. ಸುಳಿ ಕದಲದೆ ಕೂತಷ್ಟೂ ತಾಸುಗಳು ಹೆಚ್ಚು. ಬೇಸಿಗೆಯ ಗುಡುಗು ಮಳೆ ತಾಸಿಗೆ 40 ಮಿ.ಮೀ. ಸುರಿದರೂ ಮುಕ್ಕಾಲು ತಾಸಿನಲ್ಲಿ ನಿಂತರೆ 30 ಮಿ.ಮೀ. ಅಷ್ಟೇ. ತಾಸಿಗೆ ಬರೀ 7 ಮಿ.ಮೀ.ನಂತೆ ಹತ್ತು ತಾಸು ಹಿಡಿದರೆ 70. ಹವಾಮಾನ ಇಲಾಖೆಯ ಭಾರಿ ಮಳೆಯ ಗೆರೆ ಇರುವುದು ದಿನಕ್ಕೆ 64.5 ಮಿ.ಮೀ.ಗೆ, ಅತಿ ಭಾರಿಯದು 115.6ಕ್ಕೆ. ಆದ್ದರಿಂದ ಮಾಡೆಲ್‌ಗಳಲ್ಲಿ, ಅಂದರೆ ಕಂಪ್ಯೂಟರ್ ಮುನ್ಸೂಚನೆಗಳಲ್ಲಿ, ದಿನದ ಮೊತ್ತ ನೋಡಿ ಸುಮ್ಮನಾಗದೆ ಮೂರು ತಾಸಿಗೊಮ್ಮೆ ಎಷ್ಟು ಎಂದು ಬಿಡಿಸಿ ನೋಡುತ್ತೇನೆ. ಆಮೇಲೆ ಮಾಡೆಲ್ ತೋರಿಸಿದ ಮಳೆಯ ಪಟ್ಟಿಯನ್ನು 75 ಕಿ.ಮೀ. ಪೂರ್ವಕ್ಕೆ, ಅಷ್ಟೇ ಪಶ್ಚಿಮಕ್ಕೆ ಸರಿಸಿದರೆ ನಮ್ಮೂರಿಗೆ ಎಷ್ಟು ಬಿದ್ದೀತು ಎಂದು ಓದಿಕೊಳ್ಳುತ್ತೇನೆ. ಇಂಥ ಮಂದ ಸುಳಿಯ ಜಾಗ ಅಷ್ಟು ತಪ್ಪುವುದು ಮಾಮೂಲಿ. ಒಂದೇ ಅಂಕಿ ಹೇಳುವುದಕ್ಕಿಂತ ‘30ರಿಂದ 80 ಮಿ.ಮೀ.’ ಎಂದು ಹೇಳುವುದೇ ಪ್ರಾಮಾಣಿಕ.

ಪಣಜಿಯ ರಾಡಾರ್ ಮಳೆಯನ್ನು ಕಡಿಮೆ ತೋರಿಸಿದರೆ ನಂಬಿ ಕೂರಬೇಡಿ. ಅರ್ಧ ಡಿಗ್ರಿ ಮೇಲಕ್ಕೆ ಓರೆಯಾಗಿ ಹೊರಟ ಅದರ ಕಿರಣ ಹುಬ್ಬಳ್ಳಿ ಮೇಲೆ ಬರುವಷ್ಟರಲ್ಲಿ ಎರಡು ಕಿ.ಮೀ. ಎತ್ತರ ದಾಟಿರುತ್ತದೆ, ಗದಗಿನ ಮೇಲೆ ನಾಲ್ಕರ ಹತ್ತಿರ. ಅದರ ಕೆಳಗಿನ ತಗ್ಗು ಮೋಡದ ಜಡಿಮಳೆ ಅದಕ್ಕೆ ಕಾಣುವುದೇ ಇಲ್ಲ. ಸ್ಯಾಟಲೈಟ್ ಚಿತ್ರದ ಮೋಸ ಇದಕ್ಕೆ ಉಲ್ಟಾ: ಬೆಳ್ಳಗೆ ಹರಡಿದ್ದೆಲ್ಲ ಮಳೆಯಲ್ಲ. ಮೇಲಿನ ಗಾಳಿ ಬರುವ ದಿಕ್ಕಿನ ಚೂಪು ಅಂಚಿನ ಕೆಳಗೆ ಮಳೆ; ಉಳಿದದ್ದು ಗಾಳಿಗೆ ಹರಡಿದ ತೆಳು ಮೋಡ. ಆ ಅಂಚು ಎರಡು ತಾಸು ಅದೇ ತಾಲೂಕಿನ ಮೇಲೆ ಹೊಸ ಮೋಡ ಎಬ್ಬಿಸುತ್ತಿದ್ದರೆ ಅಂದಾಜಿನ ಮೇಲಿನ ಅಂಕಿಯನ್ನೇ ಹಿಡಿಯುತ್ತೇನೆ.

ನವಲಗುಂದದವರಿಗೆ ಹೇಳುವಾಗ ಅಲ್ಲಿನ ಮಳೆಯಷ್ಟೇ ನೋಡಿದರೆ ಸಾಲದು. ಹುಬ್ಬಳ್ಳಿ, ಕುಂದಗೋಳದ ಕಡೆ ರಾತ್ರಿ ಬಿದ್ದ ನೀರು ಬೆಣ್ಣಿಹಳ್ಳದಲ್ಲಿ ನವಲಗುಂದಕ್ಕೆ ಇಳಿದು ಬರುವ ಹೊತ್ತಿಗೆ ಅಲ್ಲಿ ಮಳೆ ನಿಂತು ಬಿಸಿಲೂ ಬಿದ್ದಿರಬಹುದು.