ಮಾಸ್ಟೊಡಾನ್‌ನಲ್ಲಿ ರಾಜಕೀಯಕ್ಕೆ ಸೋಸುಬಟ್ಟೆ

ನನಗೆ ರಾಜಕೀಯ ಬೇಡವೆಂದಲ್ಲ. ಆದರೆ ರಾತ್ರಿ ಮಲಗುವ ಮುನ್ನ ಚುನಾವಣೆಯ ಜಗಳ ಓದಿದರೆ ನಿದ್ದೆ ಬರುವುದಿಲ್ಲ. ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಏನು ಕಾಣಬೇಕೆಂದು ತೀರ್ಮಾನಿಸುವ ಕಂಪನಿಯ ಅಲ್ಗಾರಿದಮ್ ಇಲ್ಲ. ಸೋಸುವ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು. ನನಗೆ ಇದೇ ಇಷ್ಟ.

ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ ತೆರೆದು, ಹೊಸದಕ್ಕೊಂದು ಹೆಸರು ಕೊಟ್ಟು, ಪದಗಳನ್ನು ಸೇರಿಸಿ. ‘ಪೂರ್ಣ ಪದ’ ಎಂಬ ಆಯ್ಕೆಯನ್ನು ಕನ್ನಡಕ್ಕೆ ತೆಗೆದುಹಾಕಿ. ಇಲ್ಲದಿದ್ದರೆ ‘ಚುನಾವಣೆ’ ಸಿಕ್ಕಿಬಿದ್ದರೂ ‘ಚುನಾವಣೆಯಲ್ಲಿ’ ನುಸುಳಿಬಿಡುತ್ತದೆ. ತೆಗೆದ ಮೇಲೆ ಚಿಕ್ಕ ಪದಗಳನ್ನು ಹಾಕಬೇಡಿ. ನಾನು ‘ಮತ’ ಎಂದು ಹಾಕಿದ್ದೆ. ‘ಮತ್ತು’, ‘ಮತ್ತೆ’ ಇದ್ದ ಪೋಸ್ಟುಗಳೆಲ್ಲ ಮಾಯವಾದವು, ಏಕೆಂದರೆ ಯಂತ್ರದ ಕಣ್ಣಿಗೆ ಅವೂ ಮ, ತ ಎಂದೇ ಶುರುವಾಗುತ್ತವೆ. ‘ಮತದಾನ’, ‘ಮತಗಟ್ಟೆ’ ಎಂದು ಬಿಡಿಸಿ ಬರೆಯಿರಿ.

ಪೂರ್ತಿ ಮರೆಮಾಡುವುದಕ್ಕಿಂತ ‘ಎಚ್ಚರಿಕೆಯೊಂದಿಗೆ ಮರೆಮಾಡು’ ಆರಿಸಿ. ಪೋಸ್ಟಿನ ಜಾಗದಲ್ಲಿ ಫಿಲ್ಟರಿನ ಹೆಸರು ಕಾಣುತ್ತದೆ, ಮನಸ್ಸಾದರೆ ತೆರೆಯಬಹುದು. ಭಿನ್ನಾಭಿಪ್ರಾಯ ಇದೆ ಎಂಬುದಾದರೂ ಗೊತ್ತಿರಬೇಕು ಎನ್ನುವುದು ನನ್ನ ಹಟ. ಅವಧಿಯನ್ನೂ ಇಡಬಹುದು: 30 ನಿಮಿಷದಿಂದ ಒಂದು ವಾರದವರೆಗೆ. ಫಲಿತಾಂಶದ ವಾರಕ್ಕೆ ಅಷ್ಟು ಸಾಕು.

ಗೆಳೆಯರೊಬ್ಬರ ಸ್ವಂತ ಬರಹ ಬೇಕು, ಅವರು ಹಂಚುವ ಘೋಷಣೆಗಳು ಬೇಡ ಎಂದಾದರೆ ಅವರ ಪ್ರೊಫೈಲ್ ಮೆನುವಿನಲ್ಲಿ ಬೂಸ್ಟ್‌ಗಳನ್ನಷ್ಟೇ (ಅವರು ಮರುಹಂಚುವ ಬೇರೆಯವರ ಪೋಸ್ಟುಗಳನ್ನು) ಅಡಗಿಸಿ. ಅವರ ಯಾವ ಪೋಸ್ಟೂ ಬೇಡವಾದರೆ ಮ್ಯೂಟ್ ಮಾಡಿ, ಅವರಿಗೆ ತಿಳಿಯುವುದಿಲ್ಲ. ಕಿರುಕುಳ ಕೊಡುವವರಿಗೆ ಮಾತ್ರ ಬ್ಲಾಕ್.

ನೀವೇ ರಾಜಕೀಯ ಬರೆಯುವಾಗ ಕಂಟೆಂಟ್ ವಾರ್ನಿಂಗ್‌ನಲ್ಲಿ, ಅಂದರೆ ಪೋಸ್ಟನ್ನು ಮುಚ್ಚಿಟ್ಟು ಮೇಲೆ ಕಾಣಿಸುವ ಎಚ್ಚರಿಕೆಯ ಸಾಲಿನಲ್ಲಿ, ‘ರಾಜಕೀಯ’ ಎಂದು ಹಾಕಿ. ಅದೂ ಫಿಲ್ಟರಿಗೆ ಸಿಗುತ್ತದೆ.