ಜೋರು ವ್ಯಾಯಾಮ ಮಾಡುವವರು ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸುವುದು ಹೇಗೆ?

ಬೆಳಿಗ್ಗೆ ಎದ್ದು ಏದುಸಿರು ಬರುವ ಹಾಗೆ ಓಡಿ, ಬೆವರು ಒರೆಸಿಕೊಂಡು, ಅಲ್ಲಿಂದ ನೇರ ಲ್ಯಾಬ್‌ಗೆ ಹೋಗಿ ಕೈ ಚಾಚುವವರು ಬಹಳ ಜನ ಇದ್ದಾರೆ. ಖಾಲಿ ಹೊಟ್ಟೆಯಲ್ಲಿ ಬಂದಿದ್ದೀರಾ ಎಂದು ಲ್ಯಾಬ್‌ನವರು ಕೇಳುತ್ತಾರೆ. ಓಡಿ ಬಂದಿದ್ದೀರಾ ಎಂದು ಯಾರೂ ಕೇಳುವುದಿಲ್ಲ. ಆದರೆ ರಕ್ತ ಹೆಪ್ಪುಗಟ್ಟುವ ಪ್ರೋಟೀನ್‌ಗಳನ್ನು ಅಳೆಯುವ ಪರೀಕ್ಷೆಯಾದರೆ, ಉಪವಾಸಕ್ಕಿಂತ ಕೇಳಲೇಬೇಕಾದ ಪ್ರಶ್ನೆ ಅದೇ.

ಮೊದಲು ಒಳಗೆ ಏನಾಗುತ್ತದೆ ಅಂತ ನೋಡೋಣ, ಆಮೇಲೆ ಏನು ಮಾಡಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಜೋರಾಗಿ ಓಡಿದಾಗ, ಸೈಕಲ್ ತುಳಿದಾಗ, ಭಾರ ಎತ್ತಿದಾಗ ಅಡ್ರಿನಲಿನ್ ಎಂಬ ಹಾರ್ಮೋನ್ ಏರುತ್ತದೆ. ರಕ್ತನಾಳದ ಒಳಪದರದ ಜೀವಕೋಶಗಳಲ್ಲಿ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಪ್ರೋಟೀನ್ ಮೊದಲೇ ತಯಾರಾಗಿ ಕೂತಿರುತ್ತದೆ. ಅಡ್ರಿನಲಿನ್ ಬಂದ ಕೂಡಲೇ ಅದು ರಕ್ತಕ್ಕೆ ಸುರಿಯುತ್ತದೆ. ಹೆಪ್ಪುಗಟ್ಟಿಸುವ ಇನ್ನೊಂದು ಪ್ರೋಟೀನ್ ಫ್ಯಾಕ್ಟರ್ 8 ರಕ್ತದಲ್ಲಿ ಓಡಾಡುವುದು ಇದನ್ನೇ ಅಂಟಿಕೊಂಡು, ಹಾಗಾಗಿ ಎರಡೂ ಒಟ್ಟಿಗೆ ಏರುತ್ತವೆ. ಎಷ್ಟು ಏರುತ್ತವೆ ಅನ್ನುವುದು ವ್ಯಾಯಾಮದ ಜೋರಿನ ಮೇಲಿದೆ. ಸುಮ್ನೆ ನಡೆದು ಬಂದರೆ ಹೆಚ್ಚೇನೂ ಇಲ್ಲ, ಸುಸ್ತಾಗಿ ಬೀಳುವ ತನಕ ಮಾಡಿದರೆ ಫ್ಯಾಕ್ಟರ್ 8 ಒಂದೂವರೆ ಪಟ್ಟು, ಕೆಲವರಲ್ಲಿ ಎರಡು ಪಟ್ಟಿಗೂ ಜಾಸ್ತಿ ಆಗಬಹುದು. ಪ್ರೊಪ್ರನೊಲಾಲ್ ಥರದ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಏರಿಕೆ ಕಡಿಮೆ, ಏಕೆಂದರೆ ಅಡ್ರಿನಲಿನ್‌ನ ದಾರಿಯನ್ನೇ ಆ ಮಾತ್ರೆ ಮುಚ್ಚಿರುತ್ತದೆ. ಇದರ ಜೊತೆಗೆ ಗುಲ್ಮದಲ್ಲಿ ತಂಗಿದ್ದ ಪ್ಲೇಟ್‌ಲೆಟ್‌ಗಳೂ ಹೊರಬಂದು ಎಣಿಕೆ ಏರುತ್ತದೆ. ಬೆವರಿ ರಕ್ತದ ನೀರಿನ ಅಂಶ ಇಳಿಯುವುದರಿಂದ ಸ್ವಲ್ಪ ಗಟ್ಟಿಯೂ ಆಗುತ್ತದೆ. ಹೆಪ್ಪಿನ ಎಳೆಗಳಾಗುವ ಫೈಬ್ರಿನೋಜನ್ ಎಂಬ ಪ್ರೋಟೀನ್ ಮಾತ್ರ ಒಂದು ದಿನದ ವ್ಯಾಯಾಮಕ್ಕೆ ಅಷ್ಟಾಗಿ ಜಗ್ಗುವುದಿಲ್ಲ.

ಅಷ್ಟು ಕೇಳಿ ಗಾಬರಿಯಾಗಬೇಡಿ. ಅದೇ ಹೊತ್ತಿಗೆ ಹೆಪ್ಪು ಕರಗಿಸುವ ವ್ಯವಸ್ಥೆಯೂ ಏಳುತ್ತದೆ. ಟಿಪಿಎ ಎಂಬ ಪ್ರೋಟೀನ್ ಅದೇ ಒಳಪದರದಿಂದ ಹೊರಬರುತ್ತದೆ, ಅದನ್ನು ತಡೆಯುವ ಪಿಎಐ-1 ಇಳಿಯುತ್ತದೆ. ಹೆಪ್ಪುಗಟ್ಟಿಸುವ ಕೆಲಸ, ಕರಗಿಸುವ ಕೆಲಸ ಎರಡೂ ಒಟ್ಟಿಗೆ ಚುರುಕಾಗುವುದರಿಂದ ಓಡುತ್ತಿರುವಾಗ ಲೆಕ್ಕ ಹೆಚ್ಚು ಕಡಿಮೆ ಸರಿಹೋಗುತ್ತದೆ. ತೊಡಕಿರುವುದು ನಿಲ್ಲಿಸಿದ ಮೇಲೆ. ಟಿಪಿಎ ರಕ್ತದಲ್ಲಿ ಉಳಿಯುವುದೇ ಕೆಲವು ನಿಮಿಷ, ಹಾಗಾಗಿ ಕರಗಿಸುವ ಕೆಲಸ ಒಂದು ಗಂಟೆಯೊಳಗೆ ಎಂದಿನ ಮಟ್ಟಕ್ಕೆ ಬಂದುಬಿಡುತ್ತದೆ. ಫ್ಯಾಕ್ಟರ್ 8 ಮಾತ್ರ ಗಂಟೆಗಟ್ಟಲೆ ಮೇಲೆಯೇ ಇರುತ್ತದೆ. ವ್ಯಾಯಾಮದ ನಂತರ ಈ ಪರೀಕ್ಷೆಗಳ ವಿಷಯದಲ್ಲಿ ಎಚ್ಚರ ವಹಿಸಬೇಕಾದದ್ದು ಮುಖ್ಯವಾಗಿ ಇದಕ್ಕೇ.

ಪರೀಕ್ಷೆಗೆ ಮೊದಲು

ಹಿಂದಿನ ದಿನದಿಂದಲೇ ಜೋರು ವ್ಯಾಯಾಮ ಬಿಡಿ. ಕನಿಷ್ಠ 24 ಗಂಟೆ ಎಂದಿಟ್ಟುಕೊಳ್ಳಿ. ಮ್ಯಾರಥಾನ್ ಥರದ ದೀರ್ಘ ಓಟ ಓಡಿದ್ದರೆ, ಪರೀಕ್ಷೆಗೆ ಅವಸರವಿಲ್ಲದಿದ್ದರೆ, ಇನ್ನೂ ಕೆಲವು ದಿನ ಮುಂದೆ ಹಾಕುವುದು ಒಳ್ಳೆಯದು. ಲ್ಯಾಬ್‌ಗೆ ಮೆಟ್ಟಿಲು ಹತ್ತಿ ಧಾವಿಸಿ ಬಂದಿದ್ದರೆ ಕೂಡಲೇ ಕೈ ಕೊಡಬೇಡಿ, 20-30 ನಿಮಿಷ ಕೂತು ಸುಧಾರಿಸಿಕೊಳ್ಳಿ. ಸೂಜಿ ಕಂಡರೆ ಹೆದರುವವರು ಇನ್ನಷ್ಟು ಹೊತ್ತು ಕೂರಲಿ, ಭಯಕ್ಕೂ ಅಡ್ರಿನಲಿನ್ ಏರುತ್ತದೆ ಅಲ್ವಾ?

ಇಷ್ಟೊಂದು ಯಾಕೆ ಅನ್ನಿಸಬಹುದು. ಒಂದು ಉದಾಹರಣೆ ನೋಡಿ. ಒಬ್ಬ ಹೆಣ್ಣುಮಗಳಿಗೆ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತದೆ, ಹಲ್ಲು ಕೀಳಿಸಿದರೆ ಬೇಗ ನಿಲ್ಲುವುದಿಲ್ಲ, ಎಲ್ಲೋ ತಾಗಿದರೆ ಸಾಕು ನೀಲಿಗಟ್ಟುತ್ತದೆ ಎಂದುಕೊಳ್ಳಿ. ವೈದ್ಯರಿಗೆ ವಾನ್ ವಿಲ್ಲೆಬ್ರಾಂಡ್ ಕಾಯಿಲೆಯ, ಅಂದರೆ ಮೇಲೆ ಹೇಳಿದ ಅದೇ ಹೆಸರಿನ ಪ್ರೋಟೀನ್ ಕಡಿಮೆ ಇರುವುದರ ಅನುಮಾನ. (ಫಿನ್ಲೆಂಡ್‌ನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ಓಲಾಂಡ್ ದ್ವೀಪಗಳ ಒಂದು ಕುಟುಂಬದಲ್ಲಿ ಇದನ್ನು ಗುರುತಿಸಿ ಬರೆದರು, ಹಾಗಾಗಿ ಆ ಹೆಸರು.) ಈಕೆಯ ರಕ್ತದಲ್ಲಿ ಆ ಪ್ರೋಟೀನಿನ ನಿಜವಾದ ಮಟ್ಟ ಶೇಕಡಾ 40 ಇದೆ, ಇರಬೇಕಾದದ್ದು ಸುಮಾರು 50ರಿಂದ 150. ಈಕೆ ಜಿಮ್ ಮುಗಿಸಿ ಬಂದು ರಕ್ತ ಕೊಟ್ಟರೆ ವರದಿಯಲ್ಲಿ 70 ಬರಬಹುದು. ನೋಡಿದವರು ಎಲ್ಲ ಸರಿ ಇದೆ ಎಂದು ಕಳಿಸಿಬಿಡುತ್ತಾರೆ, ಮುಂದೆ ಯಾವುದೋ ಆಪರೇಷನ್ ಟೇಬಲ್ ಮೇಲೆ ರಕ್ತ ನಿಲ್ಲದೆ ಹೋದಾಗ ವಿಷಯ ಗೊತ್ತಾಗುತ್ತದೆ. ಗರ್ಭಿಣಿಯಾಗಿದ್ದರೆ, ಜ್ವರ ಇದ್ದರೆ ಕೂಡ ಇದೇ ಕತೆ, ಮಟ್ಟ ಸುಳ್ಳು ಹೇಳುತ್ತದೆ. ಇನ್ನು ಓ ಗುಂಪಿನ ರಕ್ತದವರಲ್ಲಿ ಈ ಪ್ರೋಟೀನ್ ಸಹಜವಾಗಿಯೇ ಉಳಿದವರಿಗಿಂತ ಸುಮಾರು ಕಾಲು ಭಾಗ ಕಡಿಮೆ. ಆದ್ದರಿಂದ ವರದಿಯ ಜೊತೆ ನಿಮ್ಮ ರಕ್ತದ ಗುಂಪನ್ನೂ ವೈದ್ಯರಿಗೆ ಹೇಳಿ. ರಕ್ತಸ್ರಾವದ ಲಕ್ಷಣ ಗಟ್ಟಿಯಾಗಿದ್ದು ಒಂದು ಸಲದ ವರದಿ ಸರಿ ಬಂದರೆ ಅಲ್ಲಿಗೇ ಬಿಡಬೇಡಿ, ಇನ್ನೊಮ್ಮೆ ಮಾಡಿಸೋಣವೇ ಎಂದು ನೀವೇ ಕೇಳಿ.

ಮೈ ಕೈ ನೋವಿಗೆ ನುಂಗಿದ ಮಾತ್ರೆಯನ್ನೂ ಮರೆಯದೆ ಹೇಳಿ. ಆಸ್ಪಿರಿನ್ ಪ್ಲೇಟ್‌ಲೆಟ್‌ಗಳನ್ನು ಅವುಗಳ ಆಯುಸ್ಸಿನ ತನಕ, ಅಂದರೆ ಸುಮಾರು 7ರಿಂದ 10 ದಿನ, ಮಂಕು ಮಾಡುತ್ತದೆ. ಐಬುಪ್ರೊಫೇನ್‌ನ ಪರಿಣಾಮ ಬೇಗ ಇಳಿಯುತ್ತದೆ. ಆದರೆ ವೈದ್ಯರು ದಿನಾ ತೆಗೆದುಕೊಳ್ಳಲು ಬರೆದುಕೊಟ್ಟ ಆಸ್ಪಿರಿನ್ ಆಗಿದ್ದರೆ ಪರೀಕ್ಷೆಗೆಂದು ನೀವಾಗಿಯೇ ನಿಲ್ಲಿಸಬೇಡಿ.

ಲ್ಯಾಬ್‌ನಲ್ಲಿ

ಇಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ತಿಳಿ ನೀಲಿ ಮುಚ್ಚಳದ ಟ್ಯೂಬ್. ಅದರ ತಳದಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರವ ಮೊದಲೇ ಸ್ವಲ್ಪ ಇರುತ್ತದೆ. 9 ಪಾಲು ರಕ್ತಕ್ಕೆ 1 ಪಾಲು ದ್ರವ ಎಂಬ ಲೆಕ್ಕ. ಗುರುತಿನ ತನಕ ರಕ್ತ ತುಂಬದಿದ್ದರೆ ಸಿಟ್ರೇಟ್ ಜಾಸ್ತಿಯಾಗಿ, ರಕ್ತ ಹೆಪ್ಪುಗಟ್ಟಲು ನಿಜಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ವರದಿ ತೋರಿಸುತ್ತದೆ. ಅರ್ಧ ತುಂಬಿದ ಟ್ಯೂಬ್ ಕಂಡರೆ ಇನ್ನೊಂದು ತೆಗೆಯಿರಿ ಎನ್ನಲು ಸಂಕೋಚ ಬೇಡ. ತೋಳಿಗೆ ಕಟ್ಟುವ ಪಟ್ಟಿ ಒಂದು ನಿಮಿಷಕ್ಕಿಂತ ಜಾಸ್ತಿ ಬಿಗಿದಿರಬಾರದು. ಮುಷ್ಟಿಯನ್ನು ಪದೇ ಪದೇ ಬಿಗಿದು ಬಿಡುವುದೂ ಬೇಡ.

ಡಿ-ಡೈಮರ್ ಜಾಸ್ತಿ ಬಂದರೆ

ಓಟಗಾರರು ಹೆಚ್ಚು ಹೆದರುವುದು ಇದಕ್ಕೆ. ಹೆಪ್ಪು ಕರಗಿದಾಗ ಉಳಿಯುವ ಚೂರುಗಳೇ ಡಿ-ಡೈಮರ್. ದೀರ್ಘ ಓಟದಲ್ಲಿ ಹೆಪ್ಪುಗಟ್ಟಿಸುವುದು ಕರಗಿಸುವುದು ಎರಡೂ ನಡೆಯುವುದರಿಂದ, ಯಾವ ಕಾಯಿಲೆಯೂ ಇಲ್ಲದವರಲ್ಲೂ ಇದು ಏರುತ್ತದೆ. ಅಂದರೆ ಓಟದ ಮರುದಿನ ಸುಮ್ನೆ ಕುತೂಹಲಕ್ಕೆ ಡಿ-ಡೈಮರ್ ಮಾಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ, ನಿದ್ದೆ ಕೆಡುವುದಷ್ಟೇ ಲಾಭ. ಈ ಪರೀಕ್ಷೆಗೆ ಬೆಲೆ ಇರುವುದು ಅದು ಕಡಿಮೆ ಬಂದಾಗ: ಅನುಮಾನವೂ ಕಡಿಮೆ ಇದ್ದರೆ ಹೆಪ್ಪು ಇಲ್ಲವೆಂದು ವೈದ್ಯರು ಧೈರ್ಯವಾಗಿ ಹೇಳಬಹುದು. ಹಾಗಂತ ಕಾಲು ಊದಿದೆ, ಉಸಿರು ಕಟ್ಟುತ್ತಿದೆ ಅನ್ನುವವರು ನಿನ್ನೆ ಓಡಿದ್ದೆ, 24 ಗಂಟೆ ಕಾಯುತ್ತೇನೆ ಎಂದು ಮನೆಯಲ್ಲಿ ಕೂರಬಾರದು. ಕಾಯುವ ಲೆಕ್ಕ ಮೊದಲೇ ದಿನ ಗೊತ್ತು ಮಾಡಿದ ಪರೀಕ್ಷೆಗೆ ಮಾತ್ರ.

ರಕ್ತದ ತೊಂದರೆ ಇರುವವರು ವ್ಯಾಯಾಮ ಮಾಡುವುದಾದರೆ

ಹಿಮೋಫಿಲಿಯಾ ಎ (ಫ್ಯಾಕ್ಟರ್ 8 ಕಡಿಮೆ ಇರುವ ಕಾಯಿಲೆ) ಸೌಮ್ಯವಾಗಿದ್ದರೆ ವ್ಯಾಯಾಮದಿಂದ ಫ್ಯಾಕ್ಟರ್ 8 ಸ್ವಲ್ಪ ಏರುತ್ತದೆ. ತೀವ್ರವಾಗಿದ್ದರೆ, ಅಂದರೆ ಮಟ್ಟ ಶೇಕಡಾ 1ಕ್ಕಿಂತ ಕಡಿಮೆ ಇದ್ದರೆ, ಏರಲು ಸಂಗ್ರಹವೇ ಇರುವುದಿಲ್ಲ, ಹಾಗಾಗಿ ಓಡಿದರೆ ಸರಿಹೋಗುತ್ತದೆ ಎಂದು ನಂಬಿಕೊಳ್ಳಬೇಡಿ. ನಿಯಮಿತವಾಗಿ ಫ್ಯಾಕ್ಟರ್ ಚುಚ್ಚಿಸಿಕೊಳ್ಳುವವರು ಆಟದ ದಿನವನ್ನು ಚುಚ್ಚಿಸಿಕೊಳ್ಳುವ ದಿನಕ್ಕೆ ಹೊಂದಿಸಿಕೊಳ್ಳಿ. ಮಟ್ಟ ಮೇಲಿರುವಾಗ ಆಡಿ, ತಳ ಮುಟ್ಟಿರುವಾಗ ಬೇಡ. ಈಜು, ನಡಿಗೆ, ಸೈಕಲ್ ಒಳ್ಳೆಯದು. ಗುದ್ದಾಡುವ ಆಟ ಬೇಡ. ನೋವಿಗೆ ಆಸ್ಪಿರಿನ್, ಐಬುಪ್ರೊಫೇನ್ ಬೇಡ. ವಾರ್ಫರಿನ್ ಥರದ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೂ ಇದೇ ಮಾತು, ಜೊತೆಗೆ ಇನ್ನೊಂದು: ತಲೆಗೆ ಪೆಟ್ಟು ಬಿದ್ದರೆ, ಹೊರಗೆ ಏನೂ ಕಾಣದಿದ್ದರೂ, ನೇರ ಆಸ್ಪತ್ರೆಗೆ ಹೋಗಿ.

ಆರೋಗ್ಯವಾಗಿದ್ದು ಜೋರು ವ್ಯಾಯಾಮ ಮಾಡುವವರು

ನಿಯಮಿತವಾಗಿ ಮಾಡುವವರ ದೇಹ ಇದಕ್ಕೆ ಪಳಗಿರುತ್ತದೆ. ಅವರ ಪ್ಲೇಟ್‌ಲೆಟ್‌ಗಳು ಬೇಗ ಕೆರಳುವುದಿಲ್ಲ. ನಿಜವಾದ ಅಪಾಯ ವರ್ಷಗಟ್ಟಲೆ ಕೂತಿದ್ದು ಒಂದು ದಿನ ಏಕಾಏಕಿ ಮೈ ಮುರಿಯುವವರಿಗೆ. ಜೋರು ಶ್ರಮದ ಸಮಯದಲ್ಲಿ ಮತ್ತು ಅದರ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಸಾಧ್ಯತೆ ಏರುತ್ತದೆ, ಅಭ್ಯಾಸವಿಲ್ಲದವರಲ್ಲಿ ಅದು ತುಂಬಾ ಜಾಸ್ತಿ. ಆದ್ದರಿಂದ ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ. ಮುಗಿದ ಮೇಲೆ ದಿಢೀರ್ ಕೂತುಬಿಡಬೇಡಿ, ಐದ್ಹತ್ತು ನಿಮಿಷ ನಡೆಯಿರಿ, ಬಾಯಾರಿಕೆಗೆ ತಕ್ಕಷ್ಟು ನೀರು ಕುಡಿಯಿರಿ. ದೂರದ ಊರಿಗೆ ಓಟಕ್ಕೆ ಹೋದವರು ಸಾಧ್ಯವಾದರೆ ಅದೇ ಸಂಜೆಯ ಬಸ್ಸು, ವಿಮಾನ ಹತ್ತಬೇಡಿ, ಹತ್ತಿದರೂ ಆಗಾಗ ಎದ್ದು ಓಡಾಡಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು, ಮನೆಯಲ್ಲಿ ಯಾರಿಗಾದರೂ ಹಿಂದೆ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರು ಇದನ್ನು ಉದಾಸೀನ ಮಾಡುವ ಹಾಗಿಲ್ಲ.

ಎರಡು ಮೀನಖಂಡಗಳೂ ನೋಯುತ್ತಿದ್ದರೆ ಅದು ಸಾಮಾನ್ಯವಾಗಿ ಓಟದ ನೋವು. ಒಂದೇ ಕಡೆ ಊದಿಕೊಂಡು, ಮುಟ್ಟಿದರೆ ಬಿಸಿಯಾಗಿದ್ದು, ದಿನ ಕಳೆದಂತೆ ಹೆಚ್ಚುತ್ತಿದ್ದರೆ ವೈದ್ಯರಿಗೆ ತೋರಿಸಿ. ಭಾರ ಎತ್ತುವವರಲ್ಲಿ, ಈಜುವವರಲ್ಲಿ, ಚೆಂಡೆಸೆಯುವವರಲ್ಲಿ ತೋಳಿನ ರಕ್ತನಾಳದಲ್ಲೂ ಹೆಪ್ಪುಗಟ್ಟುವುದುಂಟು. ಒಂದು ತೋಳು ಮಾತ್ರ ದಪ್ಪಗಾಗಿ, ನೀಲಿ ತಿರುಗಿ, ಭುಜದ ಹತ್ತಿರ ರಕ್ತನಾಳಗಳು ಎದ್ದು ಕಾಣುತ್ತಿದ್ದರೆ ಸ್ನಾಯು ಹಿಡಿದಿದೆ ಎಂದು ಮುಲಾಮು ಹಚ್ಚಿ ಕೂರಬೇಡಿ, ಅದೇ ದಿನ ರಕ್ತನಾಳದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ.